ಸುದ್ದಿಯೂ ರಂಜನೆಯಾದಾಗ

ಸಂಜೆಯಾದರೆ ಮನೆಗಳಲ್ಲಿ ಧಾರಾವಾಹಿ, ಅದು ಮುಗಿದರೆ ಕ್ರಿಕೆಟ್, ನಡುವೆ ಬಿಡುವಾದರೆ ಮೊಬೈಲಿನ ರೀಲ್ಸ್. ಇದನ್ನು ಕಂಡು ಹಿರಿಯರು ಗೊಣಗುತ್ತಾರೆ. ಮಸೀದಿಯ ಪ್ರವಚನದಿಂದ ಹಿಡಿದು ಶಾಲಾ ವಾರ್ಷಿಕೋತ್ಸವದ ಭಾಷಣದವರೆಗೆ ಒಂದೇ ದೂರು: ಓದುವ ಹವ್ಯಾಸ ಸತ್ತುಹೋಯಿತು! ದೂರಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಇಲ್ಲ. ದಿನವಿಡೀ ದುಡಿದು ದಣಿದವರು ಒಂದು ಗಳಿಗೆ ನಕ್ಕರೆ ತಪ್ಪೇನು? ಧಾರಾವಾಹಿ ನೋಡುವವರಿಗೆ ತಾವು ನೋಡುತ್ತಿರುವುದು ಕಥೆ ಎಂಬ ಅರಿವಿರುತ್ತದೆ. ಸುದ್ದಿ ನೋಡುವಾಗಲೂ ನಮಗೆ ಅಂಥದೊಂದು ಎಚ್ಚರ ಇರುತ್ತದೆಯೇ? ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ 1985ರಲ್ಲಿ ಪ್ರಕಟಿಸಿದ 'ಅಮ್ಯೂಸಿಂಗ್ ಅವರ್‌ಸೆಲ್ವ್ಸ್ ಟು ಡೆತ್' ಎಂಬ ಕೃತಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಟಿ.ವಿ.ಯ ಹಗುರ ಕಾರ್ಯಕ್ರಮಗಳ ಬಗ್ಗೆ ಅವರಿಗೆ ಅಂಥ ತಕರಾರಿರಲಿಲ್ಲ. ರಾಜಕೀಯ, ಧರ್ಮ, ಶಿಕ್ಷಣದಂಥ ಗಂಭೀರ ವಿಷಯಗಳನ್ನು ಟಿ.ವಿ. ಕೈಗೆತ್ತಿಕೊಂಡಾಗಲೇ ಅಪಾಯ ಎಂಬುದು ಅವರ ವಾದ. ಭೂಕಂಪದಲ್ಲಿ ಜನ ಸತ್ತ ಸುದ್ದಿ ಮುಗಿಯುತ್ತಲೇ ಸಾಬೂನಿನ ಜಾಹೀರಾತು ಬರುತ್ತದೆ. ಸತ್ತವರಿಗಾಗಿ ಮರುಗುವಷ್ಟೂ ಪುರುಸೊತ್ತು ನೋಡುಗನಿಗಿಲ್ಲ. ಹೀಗೆ ಎಲ್ಲವೂ ಪ್ರದರ್ಶನವಾಗಿಬಿಟ್ಟರೆ ಯಾವುದೂ ಮನಸ್ಸನ್ನು ತಟ್ಟುವುದಿಲ್ಲ. ಸ್ಮಾರ್ಟ್‌ಫೋನ್ ಹುಟ್ಟುವ ಮೊದಲೇ ಬರೆದ ಈ ಮಾತು ಇಂದು ಇನ್ನಷ್ಟು ನಿಜವೆನಿಸುತ್ತದೆ.

ಆದರೆ ಪೋಸ್ಟ್‌ಮನ್ ಮುದ್ರಣದ ಕಾಲವನ್ನು ತುಸು ಹೆಚ್ಚೇ ಹೊಗಳಿದರು. ರಂಜನೆಗೂ ಚಿಂತನೆಗೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದು ನಾವು ತೀರ್ಮಾನಿಸಬೇಕಿಲ್ಲ. 1942ರಿಂದ 1967ರವರೆಗೆ ಕನ್ನಡಿಗರನ್ನು ನಗಿಸಿದ 'ಕೊರವಂಜಿ' ಪತ್ರಿಕೆಯ ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ವ್ಯಾಪಾರಗಳ ಬಗ್ಗೆ 'ಮನಮಂಥನ'ವನ್ನೂ ಬರೆದರು. ಆ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗೆಯೂ ವಿಚಾರವೂ ಒಂದೇ ಲೇಖನಿಯಿಂದ ಹೊರಬಂದವು. ನಾವು ಹುಡುಕುತ್ತಿರುವ ಸಮತೋಲನ ಕನ್ನಡಕ್ಕೆ ಹೊಸದೇನಲ್ಲ.

ಸುದ್ದಿಯ ಪ್ರದರ್ಶನದಲ್ಲಿ ಬಲಿಯಾಗುವವರು ಯಾರು? ಇದಕ್ಕೆ ಉತ್ತರ ಎಡ್ವರ್ಡ್ ಸೈದ್ ಅವರ 'ಕವರಿಂಗ್ ಇಸ್ಲಾಮ್' (1981) ಕೃತಿಯಲ್ಲಿದೆ. ಇಂಗ್ಲಿಷಿನ 'ಕವರ್' ಎಂಬ ಪದಕ್ಕೆ ವರದಿ ಮಾಡು ಎಂದೂ ಅರ್ಥ, ಮುಚ್ಚು ಎಂದೂ ಅರ್ಥ. ಶೀರ್ಷಿಕೆಯಲ್ಲೇ ಆರೋಪವಿದೆ. 1979ರ ನವೆಂಬರ್‌ನಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು. 52 ಮಂದಿ ಅಮೆರಿಕನ್ನರು 444 ದಿನ ಒತ್ತೆಯಾಳಾಗಿದ್ದರು. ಅಮೆರಿಕದ ಎಬಿಸಿ ಚಾನೆಲ್ ಆ ಪ್ರಕರಣದ ಬಗ್ಗೆ ರಾತ್ರಿ ವಿಶೇಷ ಕಾರ್ಯಕ್ರಮ ಆರಂಭಿಸಿತು. ಮುಂದೆ ಅದೇ 'ನೈಟ್‌ಲೈನ್' ಎಂಬ ಕಾಯಂ ಕಾರ್ಯಕ್ರಮವಾಯಿತು. ದಿನವೂ ಘೋಷಣೆ ಕೂಗುವ ಗುಂಪುಗಳು ಪರದೆಯ ಮೇಲೆ ಬಂದವು. ಆದರೆ 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಅವರನ್ನು ಪದಚ್ಯುತಗೊಳಿಸುವುದರಲ್ಲಿ ಅಮೆರಿಕ ಮತ್ತು ಬ್ರಿಟನ್ ವಹಿಸಿದ ಪಾತ್ರ ಎಷ್ಟು ಜನರಿಗೆ ತಿಳಿಯಿತು? ಒಂದು ದೇಶದ ಇತಿಹಾಸ, ರಾಜಕೀಯ, ಸಿಟ್ಟು ಎಲ್ಲವನ್ನೂ 'ಇಸ್ಲಾಮ್' ಎಂಬ ಒಂದು ಪದದಲ್ಲಿ ತುಂಬಿ ಮುಗಿಸಲಾಯಿತು ಎಂಬುದನ್ನು ಸೈದ್ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ.

ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ತೋರಿಸುವವರು ತೋರಿಸಿದರು, ನೋಡಿದವರು ನಂಬಿದ್ದೇಕೆ? ಸೈದ್ ಸಂಸ್ಥೆಗಳನ್ನೂ ಅಧಿಕಾರವನ್ನೂ ಪರೀಕ್ಷಿಸಿದಷ್ಟು ನೋಡುಗನ ಮನಸ್ಸನ್ನು ಪರೀಕ್ಷಿಸಲಿಲ್ಲ. ಆ ಕೊರತೆಯನ್ನು ತುಂಬಬೇಕಾದರೆ ಮನಶ್ಶಾಸ್ತ್ರದ ಕಪಾಟಿಗೆ ಕೈಹಾಕಬೇಕು. ಡೇನಿಯಲ್ ಕಾನೆಮನ್ ಅವರ 'ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ' (2011) ಹೇಳುವಂತೆ ಮನಸ್ಸಿಗೆ ಎರಡು ನಡಿಗೆಗಳಿವೆ. ಒಂದು ಕಂಡ ತಕ್ಷಣ ತೀರ್ಪು ಕೊಡುತ್ತದೆ. ಇನ್ನೊಂದು ನಿಧಾನಿಸಿ ತೂಗುತ್ತದೆ, ಆದರೆ ಅದು ಸೋಮಾರಿ. ಕೇಳಿ ಕೇಳಿ ಪರಿಚಿತವಾದ ಮಾತು ಸತ್ಯವೆಂದೇ ತೋರತೊಡಗುತ್ತದೆ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ಪ್ರಯೋಗದಿಂದ ಇದನ್ನು ತೋರಿಸಿದ್ದರು. ಚರ್ಚೆಯ ಹೆಸರಿನಲ್ಲಿ ಒಂದೇ ಆರೋಪವನ್ನು ರಾತ್ರಿ ರಾತ್ರಿ ಕೂಗುವುದರ ಫಲವೇನೆಂದು ಇದರಿಂದ ಊಹಿಸಬಹುದು.

ಕಾನೆಮನ್ ಹುಟ್ಟಿದ್ದು ಟೆಲ್ ಅವೀವ್‌ನಲ್ಲಿ, ಸೈದ್ ಹುಟ್ಟಿದ್ದು ಜೆರುಸಲೇಮಿನಲ್ಲಿ. ಒಬ್ಬರು ಇಸ್ರೇಲಿ ಸೇನೆಯಲ್ಲಿ ಕೆಲಸ ಮಾಡಿದವರು, ಇನ್ನೊಬ್ಬರು ಪ್ಯಾಲೆಸ್ತೀನಿನ ದನಿಯಾದವರು. ಇಬ್ಬರನ್ನೂ ಒಂದೇ ಕಪಾಟಿನಲ್ಲಿಟ್ಟು ಓದುವ ದೊಡ್ಡತನ ನಮಗಿರಬೇಕು. ಓದೆಂದರೆ ಕಣ್ಣುಮುಚ್ಚಿ ಒಪ್ಪುವುದೂ ಅಲ್ಲ. ತಮ್ಮ ಪುಸ್ತಕದ ಒಂದು ಅಧ್ಯಾಯದಲ್ಲಿ ದುರ್ಬಲ ಅಧ್ಯಯನಗಳ ಮೇಲೆ ಅತಿಯಾದ ನಂಬಿಕೆ ಇಟ್ಟಿದ್ದೆನೆಂದು ಕಾನೆಮನ್ ಅವರೇ 2017ರಲ್ಲಿ ಒಪ್ಪಿಕೊಂಡರು. ವಿದ್ವಾಂಸನಿಗೆ ಶೋಭಿಸುವ ನಡೆ ಅದು.

ಇದೆಲ್ಲ ಪಂಡಿತರ ಚರ್ಚೆ, ನಮಗೇಕೆ ಎನ್ನುವವರು ಬೀದರ್ ಜಿಲ್ಲೆಯನ್ನು ನೆನಪಿಸಿಕೊಳ್ಳಲಿ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ಅಲ್ಲಿನ ಹಳ್ಳಿಯ ಮಕ್ಕಳಿಗೆ ಚಾಕಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಜನ ಕಾರನ್ನು ಅಡ್ಡಗಟ್ಟಿ ಹೊಡೆದರು, ಒಬ್ಬ ಯುವಕ ಪ್ರಾಣ ಕಳೆದುಕೊಂಡ. 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ತಬ್ಲೀಗ್ ಸಮಾವೇಶದ ನೆಪದಲ್ಲಿ ಇಡೀ ಸಮುದಾಯದ ಮೇಲೆ ರೋಗ ಹರಡಿದ ಆರೋಪ ಹೊರಿಸಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆಯೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಮಾರ್ಚ್‌ನ ಅಬ್ಬರ ಕೇಳಿದವರಲ್ಲಿ ಎಷ್ಟು ಮಂದಿಗೆ ಆಗಸ್ಟ್‌ನ ತೀರ್ಪು ಗೊತ್ತು?

ಹಾಗೆಂದು ಬೆರಳನ್ನು ಹೊರಗೆ ಮಾತ್ರ ತೋರಿಸಿ ಕೂರುವಂತಿಲ್ಲ. ಎಲ್ಲಿಯದೋ ಹಳೆಯ ಯುದ್ಧದ ಚಿತ್ರ ಗಾಝಾದ ಹೆಸರಿನಲ್ಲಿ ಮುಸ್ಲಿಮರ ಗುಂಪುಗಳಲ್ಲೂ ಓಡಾಡುತ್ತದೆ. ಉದ್ದೇಶ ಒಳ್ಳೆಯದಿದ್ದರೂ ಸುಳ್ಳು ಸುಳ್ಳೇ. ಅದು ನಿಜವಾದ ಸಂತ್ರಸ್ತರ ಮಾತಿನ ಬೆಲೆಯನ್ನೂ ಕಳೆಯುತ್ತದೆ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ವಚನವು, ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕೆಂದೂ, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿಮಾಡಿ ಮತ್ತೆ ಪಶ್ಚಾತ್ತಾಪ ಪಡಬೇಕಾದೀತೆಂದೂ ಎಚ್ಚರಿಸುತ್ತದೆ. ಕಾನೆಮನ್ ಹೇಳಿದ ನಿಧಾನದ ನಡಿಗೆ ವಿಶ್ವಾಸಿಗೆ ಕರ್ತವ್ಯವೂ ಹೌದು. ಬೀದರ್‌ನಲ್ಲಿ ಆ ನಿಧಾನ ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಲೋಕದ ಓದು ಮತ್ತು ಮನಸ್ಸಿನ ಓದು ಬೇರೆ ಬೇರೆಯಲ್ಲ. ಏನಾಯಿತೆಂದು ಮೊದಲನೆಯದು ತಿಳಿಸುತ್ತದೆ. ಅದನ್ನು ನಾವು ಯಾಕೆ ಹಾಗೆಯೇ ನಂಬಿದೆವೆಂದು ಎರಡನೆಯದು ತಿಳಿಸುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ಕುಂಟು. ಮನೆಯ ಟಿ.ವಿ. ಒಡೆಯಬೇಕಾಗಿಲ್ಲ, ಮಕ್ಕಳ ಕ್ರಿಕೆಟ್ಟಿಗೆ ಕತ್ತರಿ ಹಾಕಬೇಕಾಗಿಯೂ ಇಲ್ಲ. ಬಿಡಬೇಕಾದದ್ದು ಸುದ್ದಿಯ ಹೆಸರಿನ ಕಿರುಚಾಟವನ್ನು. ಆ ಒಂದು ಗಂಟೆ ಓದಿಗೆ ಸಿಕ್ಕರೂ ಸಾಕು. ಓದಿದ್ದನ್ನು ಊಟದ ಹೊತ್ತಿನಲ್ಲಿ ಮನೆಮಂದಿಯೊಡನೆ ಮಾತಾಡಿದರೆ ಇನ್ನೂ ಒಳ್ಳೆಯದು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ವಿಷಯವನ್ನು ಸರಳ ಕನ್ನಡದಲ್ಲೇ ಬರೆದಿದ್ದಾರೆ. ಇಂಗ್ಲಿಷ್ ಬಾರದೆಂಬ ನೆವವೂ ಬೇಡ. ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಹಣದ ಲೆಕ್ಕ ಕೇಳುವ ಮೊದಲು, ಆ ಗ್ರಂಥಾಲಯದ ಬಾಗಿಲನ್ನು ಒಮ್ಮೆಯಾದರೂ ದಾಟೋಣ.