ಹೊಳೆಗಿಂತ ಮೊದಲು ಕೈ

2025ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ತಮ್ಮ ಅಧಿಕಾರಿಗಳಿಗೆ ಒಂದು ಸೂಚನೆ ಕೊಟ್ಟರು. ಪುಣ್ಯಕ್ಷೇತ್ರಗಳ ನದಿ, ಕೆರೆ, ಸ್ನಾನಘಟ್ಟಗಳಿಂದ 500 ಮೀಟರಿನೊಳಗೆ ಸೋಪು, ಶಾಂಪೂ ಮಾರಬಾರದು. ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಹೋಗುವುದನ್ನು ತಡೆಯಬೇಕು. ಇದನ್ನು ಓದಿ ನಮಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳೋಣ. ಹೊಳೆಯ ಬಗ್ಗೆ ಸರ್ಕಾರ ಬಾಯಿ ಬಿಡುವುದೇ ಅಪರೂಪ. ಆದರೆ ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿ ತುಂಗೆಯ ದಂಡೆಗೆ ಹೋಗಿ ಕೂತು ಆ ಮಾತನ್ನು ಮತ್ತೆ ಯೋಚಿಸಿದಾಗ ಸಂತೋಷ ಪೂರ್ತಿ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕತೆ, ಕವಿತೆ ಓದುವಾಗ ನಾವು ಕೇಳುವ ಪ್ರಶ್ನೆಯನ್ನೇ ಸರ್ಕಾರಿ ಕಾಗದಕ್ಕೂ ಕೇಳಬೇಕು: ಇದರೊಳಗೆ ಯಾರಿದ್ದಾರೆ, ಯಾರಿಲ್ಲ? ಈ ಸೂಚನೆಯೊಳಗೆ ಇರುವವರು ಇಬ್ಬರು. ಒಬ್ಬ, ದೂರದ ಊರಿಂದ ಬಸ್ಸು ಹತ್ತಿ ಬಂದು ಮೈಗೆ ಸೋಪು ತಿಕ್ಕಿ ಮೀಯುವ ಭಕ್ತ. ಇನ್ನೊಬ್ಬಳು, ಘಟ್ಟದ ಮೆಟ್ಟಿಲ ಹತ್ತಿರ ಶಾಂಪೂ ಪ್ಯಾಕೆಟ್ಟಿನ ಸರ ನೇತುಹಾಕಿಕೊಂಡು ಕೂತ ಅಂಗಡಿಯ ಹೆಂಗಸು. ಇಲ್ಲದವರು ಯಾರು? ದಿನಕ್ಕೆ ನೂರಾರು ಹಾಸುಬಟ್ಟೆ, ಟವಲು ಒಗೆಸುವ ವಸತಿಗೃಹದ ಮಾಲೀಕ ಇಲ್ಲ. ಸಾವಿರ ಎಲೆಯ ಊಟದ ಪಾತ್ರೆ ತೊಳೆಸುವ ಕಲ್ಯಾಣಮಂಟಪ ಇಲ್ಲ. ಗುಡ್ಡದ ತುದಿಯ ಹೋಂಸ್ಟೇ ಇಲ್ಲ. ವ್ಯಾನಿನಲ್ಲಿ ಕ್ಯಾನು ತುಂಬಿಕೊಂಡು ಬಂದು ನೆಲ, ಗಾಜು, ಕಕ್ಕಸು ತೊಳೆಸಿ ಹೋಗುವ ಸ್ವಚ್ಛತಾ ಕಂಟ್ರಾಕ್ಟರು ಇಲ್ಲ. ಪುಡಿ ಮಾಡುವ ಕಂಪನಿಯಂತೂ ಇಲ್ಲವೇ ಇಲ್ಲ. ಅಂಗಡಿಗೆ 500 ಮೀಟರ್ ಅಳೆದವರು ಮೋರಿಗೆ ಅಳೆಯಲಿಲ್ಲ. ಮೋರಿ ಎರಡು ಮೈಲಿಯಾಚೆ ಹುಟ್ಟಿದರೂ ಕೊನೆಗೆ ಬೀಳುವುದು ಹೊಳೆಗೇ ಅಲ್ಲವೆ?

ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ ದಾಟಿ ಹರಿಹರಪುರಕ್ಕೆ ಬರುತ್ತಾಳೆ. ಇಲ್ಲಿಂದ ತೀರ್ಥಹಳ್ಳಿ, ಶಿವಮೊಗ್ಗ, ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ಹರಿಹರ. ಮೇಲಿನವರು ತೊಳೆದದ್ದನ್ನು ಕೆಳಗಿನವರು ಕುಡಿಯಬೇಕು. ಹೊಳೆಗೂ ಒಂದು ಜಾತಿ ಏಣಿ ಇದ್ದ ಹಾಗೆ.

ಈ ಸೀಮೆಯ ಒಂದು ವಸತಿಗೃಹದಲ್ಲಿ ಕಂಟ್ರಾಕ್ಟಿನ ಮೇಲೆ ಕೋಣೆ ತೊಳೆಯುವ ಒಬ್ಬ ಅಕ್ಕನನ್ನು ನಾವು ಮಾತಾಡಿಸಿದೆವು. ಹೆಸರು ಬೇಡ, ಕೆಲಸ ಹೋದೀತು. ಬೆರಳ ಸಂದಿಯ ಚರ್ಮ ಸುಲಿದು ಕೆಂಪಾಗಿತ್ತು. ಅನ್ನ ಕಲಸಿದರೆ ಉರಿ, ಹುಳಿ ಮುಟ್ಟಿದರೆ ಇನ್ನೂ ಉರಿ. “ಎಂತ ಹಾಕಿರ್ತಾರೋ ಅದ್ರಲ್ಲಿ, ನಂಗೆ ಗೊತ್ತಿಲ್ಲ ಅಣ್ಣ. ಕ್ಯಾನಿನ ಮೇಲೆ ಚೀಟಿನೇ ಇಲ್ಲ. ವಾಸ್ನೆ ಗಮ್ಮಂತ ಬಂದ್ರೆ ಕ್ಲೀನಾಯ್ತು ಅಂತಾರೆ, ಬರ್ಲಿಲ್ಲ ಅಂದ್ರೆ ಮತ್ತೊಂದ್ಸಲ ತೊಳಿ ಅಂತಾರೆ.” ಹೊಳೆ ಹಾಳಾಗುವ ಮಾತು ತೆಗೆದೆವು. ಆಕೆ ನಕ್ಕಳು. “ಹೊಳೆಗೆ ಹೋಗೂದು ಆಮೇಲಲ್ವಾ ಮಾರಾಯ್ರೆ, ಮೊದ್ಲು ನಮ್ ಕೈ ದಾಟ್ಬೇಕಲ್ಲ.”

ಪರಿಸರದ ಮೇಲೆ ನಾವು ಓದಿದ ಎಷ್ಟೋ ವರದಿಗಳಲ್ಲಿ ಇಲ್ಲದ ಮಾತು ಇದು. ತೊಳೆಯುವ ಧಂಧೆಯಿಂದ ಪರಿಸರಕ್ಕೆ ಆಗುವ ಹಾನಿಯ ಲೆಕ್ಕ ಮೋರಿಯ ಬಾಯಲ್ಲಿ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಆ ಅಕ್ಕನ ಬೆರಳಲ್ಲಿ. ಮೀನನ್ನು ಕೊಲ್ಲುವ ವಸ್ತು ಮೀನಿಗೆ ಮುಟ್ಟುವ ಮೊದಲು ಒಬ್ಬ ಮನುಷ್ಯಳ ಮೈ ಮುಟ್ಟಿ, ಮೂಗಿಗೆ ಹೊಕ್ಕು ಬಂದಿರುತ್ತದೆ. ಆ ಮನುಷ್ಯಳು ಪರಿಸರದೊಳಗೆ ಸೇರಿದವಳಲ್ಲವೆ?

ಕ್ಯಾನಿನೊಳಗೆ ಏನಿರುತ್ತದೆ ಎಂಬುದು ಗುಟ್ಟೇನಲ್ಲ. ಕಕ್ಕಸು ತೊಳೆಯುವ ಆಸಿಡ್ಡು ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲ. ಬಿಳುಪು ಮಾಡುವುದು ಬ್ಲೀಚಿಂಗ್ ಪುಡಿ. ಇವೆರಡನ್ನೂ ಒಂದೇ ಕಕ್ಕಸಿಗೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಿಕ್ಕುವವರಿಗೆ ಇದನ್ನು ಯಾರು ಹೇಳಿದ್ದಾರೆ? ನೊರೆ ಬರುವ ಪುಡಿಯಲ್ಲಿ ಜಿಡ್ಡು ಬಿಡಿಸುವ ರಾಸಾಯನಿಕ ಇರುತ್ತದೆ. ಅದು ಮೀನಿನ ಕಿವಿರಿಗೆ ಕೇಡು. ಕೆಲವು ಪುಡಿಗಳಲ್ಲಿ ಫಾಸ್ಫೇಟು ಇರುತ್ತದೆ. ನಿಂತ ನೀರಿನಲ್ಲಿ ಅದು ಗೊಬ್ಬರವಾಗಿ ಪಾಚಿ, ಅಂತರಗಂಗೆ ಹಬ್ಬಿಸುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಹಾಕುತ್ತದೆ. ಬೆಂಗಳೂರಿನ ಕೊಳಚೆಯೆಲ್ಲ ತುಂಬಿದ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡಿದ್ದನ್ನು ಎಲ್ಲರೂ ನೋಡಿದ್ದೇವೆ. ನೀರಿಗೆ ಬೆಂಕಿ ಹತ್ತುತ್ತದೆ ಎಂದರೆ ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ.

ಯುರೋಪಿನ ಒಕ್ಕೂಟ 2013ರಿಂದ ಮನೆಬಳಕೆಯ ಬಟ್ಟೆಪುಡಿಯ ಫಾಸ್ಫೇಟಿಗೆ ಮಿತಿ ಹಾಕಿತು. ಅಲ್ಲಿ ಹಿಡಿದದ್ದು ಪುಡಿ ಮಾಡುವವರನ್ನು. ಒಗೆಯುವ ಹೆಂಗಸಿನ ಹಿಂದೆ ಪೊಲೀಸರನ್ನು ಅಟ್ಟಲಿಲ್ಲ. ನಮ್ಮಲ್ಲಿ ಕಂಪನಿಗೆ ಕೈ ಹಾಕುವ ಧೈರ್ಯವಿಲ್ಲದ್ದಕ್ಕೆ ಪ್ಯಾಕೆಟ್ಟಿನ ಸರಕ್ಕೆ ಕೈ ಹಾಕುತ್ತೇವೆ.

ಇದಕ್ಕೆಲ್ಲ ಬುಡದಲ್ಲಿರುವುದು ನಮ್ಮ ದೇಶದ ಹಳೆಯ ರೋಗ. ಕೊಳೆ ಯಾವುದು ಎಂದು ಇಲ್ಲಿ ನಿರ್ಧರಿಸುವುದು ಮೂಗೂ ಅಲ್ಲ, ಪ್ರಯೋಗಶಾಲೆಯೂ ಅಲ್ಲ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರನ್ನು ಜನರ ಜೊತೆ ಮುಟ್ಟಿ ಕುಡಿದರು. ದನಕ್ಕೆ ಕುಡಿಸಿದಾಗ ಕೆಡದ ಆ ನೀರು ಮನುಷ್ಯರು ಕುಡಿದಾಗ ಕೆಟ್ಟಿತು ಎಂದು ಸವರ್ಣೀಯರು 108 ಮಡಕೆಗಳಲ್ಲಿ ಸೆಗಣಿ, ಗಂಜಳ, ಹಾಲು, ಮೊಸರು ಸುರಿದು ಕೆರೆ ಶುದ್ಧಿ ಮಾಡಿದರು. ಸ್ವಚ್ಛ ನೀರಿಗೆ ಸೆಗಣಿ ಹಾಕಿ ಶುದ್ಧ ಮಾಡುವ ಈ ವಿದ್ಯೆಗೆ ಯಾವ ಮಾಲಿನ್ಯ ಮಂಡಳಿ ಸರ್ಟಿಫಿಕೇಟು ಕೊಟ್ಟೀತು? ಹಳೆಯ ಕತೆ ಅನ್ನಬೇಡಿ. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ, ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಪೈಪಿನಿಂದ ಬ್ಲೀಚಿನ ನೀರು ಹೊಡೆದರು. ವಿಮಾನದಲ್ಲಿ ಬಂದವರನ್ನು ಹಾಗೆ ರಸ್ತೆಯಲ್ಲಿ ಕೂರಿಸಿದ್ದನ್ನು ನಾವು ಕೇಳಿಲ್ಲ.

ಮಡಿವಾಳ ಎಂಬ ಮಾತನ್ನೇ ನೋಡಿ. ಊರಿಗೆಲ್ಲ ಮಡಿ ಕೊಟ್ಟವನು ಅವನು. ಅವನು ಮುಟ್ಟಿದರೆ ಮಾತ್ರ ಮೈಲಿಗೆ. ಉಬ್ಬೆ ಹಾಕಿ, ಚೌಳು ಮಣ್ಣು ಹಚ್ಚಿ, ಬಿಸಿಲಿಗೆ ಒಡ್ಡಿ ಅವರು ಬಿಳುಪು ತೆಗೆಯುತ್ತಿದ್ದ ಕಾಲವನ್ನು ಹೊಗಳಿ ಹಾಡುವ ಆಸೆ ನಮಗಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಹಗಲೆಲ್ಲ ನಿಂತ ಕಾಲಿಗೆ ಗೊತ್ತು ಅದರ ಕಷ್ಟ. ಆದರೆ ಒಂದು ಮಾತು ಹೇಳಲೇಬೇಕು. ಒಗೆಯುವ ಆದಾಯ ಯಂತ್ರ ಇಟ್ಟವನ ಪಾಲಿಗೆ ಹೋಯಿತು. ಹೊಳೆ ಕೆಟ್ಟಿತು ಎಂಬ ದೂರು ಮಾತ್ರ ಇವತ್ತಿಗೂ ಒಗೆಯುವ ಕಲ್ಲಿನ ಮೇಲೇ ಕೂತಿದೆ.

ಯಂತ್ರದ ಮಾತು ಬಂತಲ್ಲ. ಮುಲ್ಕ್‌ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿ 1935ರಲ್ಲಿ ಬಂದದ್ದು. ಅದರ ಕೊನೆಯಲ್ಲಿ ಕಕ್ಕಸು ಬಳಿಯುವ ಹುಡುಗ ಬಖಾನ ಮುಂದೆ ಮೂರು ದಾರಿ ಬರುತ್ತವೆ: ಪಾದ್ರಿಯ ಕ್ರಿಸ್ತ, ಗಾಂಧಿಯ ಮಾತು, ಒಬ್ಬ ಕವಿ ಹೇಳುವ ನೀರಿನ ಕಕ್ಕಸು. ಯಂತ್ರ ಬಂದರೆ ಭಂಗಿಯ ಕೆಲಸವೇ ಹೋಗುತ್ತದೆ ಎಂಬ ಆ ಕವಿಯ ಭರವಸೆಯನ್ನು ವಿದ್ಯಾರ್ಥಿಗಳಾಗಿದ್ದಾಗ ನಾವೂ ನಂಬಿದ್ದೆವು. ನೀರಿನ ಕಕ್ಕಸು ಬಂತು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ನಿಷೇಧಿಸಿದರು. ಆದರೂ 2010ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಕವಿ ನೋಡದೇ ಬಿಟ್ಟದ್ದು ಕಕ್ಕಸಿನ ಹಿಂದಿನ ಗುಂಡಿಯನ್ನು. ಒಳಚರಂಡಿ ಇಲ್ಲದ ಮಲೆನಾಡಿನ ಊರುಗಳಲ್ಲಿ ವಸತಿಗೃಹವೆಂದರೆ ಒಂದು ಸೆಪ್ಟಿಕ್ ಟ್ಯಾಂಕು, ಒಂದು ಇಂಗುಗುಂಡಿ. ಟ್ಯಾಂಕಿನೊಳಗೆ ಮಲವನ್ನು ಕರಗಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗಮ್ಮೆನ್ನಲಿ ಎಂದು ದಿನಾ ಸುರಿಯುವ ಫಿನಾಯಿಲು, ಆಸಿಡ್ಡು, ಬ್ಲೀಚು ಆ ಜೀವಿಗಳನ್ನೇ ಕೊಲ್ಲುತ್ತವೆ. ಕರಗದ ಮಲ ಬೇಗ ತುಂಬುತ್ತದೆ. ಆಷಾಢದ ಮಳೆಗೆ ಗುಂಡಿ ಉಕ್ಕಿ ಗದ್ದೆಗೆ, ಬಾವಿಗೆ, ಹಳ್ಳಕ್ಕೆ ಇಳಿಯುತ್ತದೆ. ಆಗ ಟ್ಯಾಂಕು ಖಾಲಿ ಮಾಡಿಸಬೇಕು. ಲಾರಿ ಸಿಕ್ಕರೆ ಲಾರಿ, ಇಲ್ಲವಾದರೆ ಯಾವುದೋ ಕೇರಿಗೆ ಹೇಳಿಕಳಿಸುತ್ತಾರೆ. 2013ರ ಕಾಯಿದೆ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು ಅಪರಾಧ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ, ಗುರುತಿಸಿದ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕು ಕೆಲಸಗಾರರು 54,574. ಅವರಲ್ಲಿ 37,060 ಜನ ಪರಿಶಿಷ್ಟ ಜಾತಿಯವರು. ಕೋಣೆಯ ಘಮಘಮಕ್ಕೂ ಗುಂಡಿಯೊಳಗಿನ ಹೆಣಕ್ಕೂ ಇರುವ ನಂಟು ಇಷ್ಟು ಹತ್ತಿರದ್ದು.

ನಮ್ಮ ಸಂಗಾತಿಗಳಲ್ಲಿ ಕೆಲವರು ಹೇಳುವುದುಂಟು: ಪರಿಸರ ಎಂಬುದು ಹೊಟ್ಟೆ ತುಂಬಿದವರ ಚಟ, ಅದನ್ನು ಅವರಿಗೇ ಬಿಡೋಣ. ನಾವು ಒಪ್ಪುವುದಿಲ್ಲ. ಮಹಾಡದಲ್ಲಿ ಜನ ಎದ್ದದ್ದು ನೀರಿಗಾಗಿ. ಇದೇ ಹೊಳೆಯ ಕೆಳದಂಡೆಯಲ್ಲಿ, ಹರಿಹರದ ಬಳಿ, 1980ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕೊಳಕುನೀರಿನ ವಿರುದ್ಧ ಸಮಾಜ ಪರಿವರ್ತನ ಸಮುದಾಯದವರ ಜೊತೆ ನಿಂತವರು ದಂಡೆಯ ಹಳ್ಳಿಗರು, ಬೆಸ್ತರು. ಅವರಿಗೆ ಹೊಳೆ ಚಟವಾಗಿರಲಿಲ್ಲ, ಅನ್ನವಾಗಿತ್ತು. ಹೊಳೆಯನ್ನು ಪುಣ್ಯದವರಿಗೆ ಬಿಟ್ಟುಕೊಟ್ಟರೆ ಅವರು ಅದಕ್ಕೆ ಮಡಿ ಕಟ್ಟುತ್ತಾರೆ. ನಮ್ಮವರನ್ನೇ ಮತ್ತೆ ದಂಡೆಯಿಂದ ಎಬ್ಬಿಸುತ್ತಾರೆ.

ಹಾಗಾದರೆ ಕೇಳಬೇಕಾದ್ದೇನು? ಊರಿನ ಮೇಷ್ಟರುಗಳು, ಹುಡುಗರು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬಹುದಾದ್ದನ್ನೇ ಹೇಳುತ್ತೇವೆ. 1974ರ ಜಲಮಾಲಿನ್ಯ ಕಾಯಿದೆಯ 24ನೇ ಕಲಮು ಹೊಳೆಗೆ ವಿಷದ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಅದು ವಸತಿಗೃಹಕ್ಕೂ ಅನ್ವಯ. ಒಗೆದ ನೀರು ನೇರ ಮೋರಿಗೆ ಬೀಳದಂತೆ ಜಲ್ಲಿ, ಮರಳಿನ ಗುಂಡಿ ಮಾಡಿ ಜೊಂಡು, ಕೆಸ, ಬಾಳೆ ನೆಡಿಸಲಿ; ಬ್ಲೀಚಿನ ನೀರನ್ನು ಅದಕ್ಕೆ ಬಿಡುವಂತಿಲ್ಲ, ಬಿಟ್ಟರೆ ಗಿಡವೂ ಸಾಯುತ್ತದೆ. ಪುಡಿಗೆ, ದ್ರವಕ್ಕೆ ಅಳತೆಯ ಮುಚ್ಚಳ ಇರಲಿ. ಅಂದಾಜಿನಲ್ಲಿ ಸುರಿದರೆ ಹೆಚ್ಚೇ ಬೀಳುತ್ತದೆ, ಬಿಸಿನೀರು ಮಾಡುವ ಕೆಲಸವನ್ನೂ ರಾಸಾಯನಿಕದಿಂದ ಮಾಡಿಸಿದ ಹಾಗಾಗುತ್ತದೆ. ಆಸಿಡ್ಡು, ಬ್ಲೀಚು ಒಂದೇ ಕಡೆ ಇಡಕೂಡದು. ಕೈಗವಸು, ಬೂಟು ಮಾಲೀಕನ ದುಡ್ಡಿನಲ್ಲಿ, ಹರಿದಾಗಲೆಲ್ಲ ಹೊಸದು. ಇವೆಲ್ಲ ಬಲು ದುಬಾರಿ ಸಂಗತಿಗಳೇನಲ್ಲ. ದುಬಾರಿಯಾಗಿ ಕಾಣುವುದು, ಅತಿ ಕಡಿಮೆ ರೇಟು ಬರೆದವನಿಗೇ ಕಂಟ್ರಾಕ್ಟು ಕೊಡುವ ಕಡೆ. ರೇಟು ಇಳಿಸುವುದು ಎಲ್ಲಿಂದ? ಕೂಲಿಯಿಂದ, ಕೈಗವಸಿನಿಂದ, ಚೀಟಿಯಿಲ್ಲದ ಅಗ್ಗದ ಕ್ಯಾನಿನಿಂದ. ಈಗೀಗ ಕೆಲವರು ವ್ಯಾನಿನ ಮೇಲೆ ಹಸಿರು ಎಲೆ ಬರೆಸಿಕೊಂಡು ಬರುತ್ತಾರೆ. ಎಲೆ ಇರಲಿ, ಬೇಡವೆನ್ನುವುದಿಲ್ಲ. ತೊಳೆಯುವವರ ಕೈ ತೋರಿಸಿ ಎಂದು ಕೇಳಿದರೆ ಮಾತ್ರ ಅವರಲ್ಲಿ ಉತ್ತರವಿಲ್ಲ.

ಹೊರಡುವಾಗ ಆ ಅಕ್ಕ ನಮ್ಮನ್ನು ಒಂದೇ ಒಂದು ಕೇಳಿದಳು. “ನೀವು ಓದಿದೋರು, ಆ ಕ್ಯಾನಿನಲ್ಲಿ ಎಂತ ಉಂಟು ಅಂತ ಅವ್ರನ್ನ ಕೇಳಿ ಹೇಳ್ತೀರಾ?” ಕೇಳಿದೆವು. ಕಂಟ್ರಾಕ್ಟರು, “ಒಳ್ಳೇ ಮಾಲು ಸಾರ್, ಎಲ್ಲಾ ಕಡೆ ಅದೇ ಹಾಕೋದು” ಅಂದರು. ಹೆಸರು ಹೇಳಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳುವವರಿದ್ದೇವೆ.