ಬಾಗಿಲಲ್ಲಿ ನಿಂತ ರೋಶನ್ ಆರಾ

ಮನೆಯವರನ್ನು ಗೇಲಿ ಮಾಡಿ ನಗಿಸೋದು ಸುಲಭ. ಉರ್ದು ಹಾಸ್ಯಗಾರ ಪತ್ರಸ್ ಬುಖಾರಿ ಗೇಲಿ ಮಾಡಿದ್ದು ತನ್ನನ್ನೇ. ‘ಕುತ್ತೆ’ ಪ್ರಬಂಧದಲ್ಲಿ ಬೀದಿನಾಯಿಗಳು ರಾತ್ರಿಯೆಲ್ಲ ಮುಶಾಯಿರಾ ನಡೆಸುತ್ತವೆ. ಏಟು ಬೀಳೋದು ನಮ್ಮ ಶಾಯರ್‌ಗಳಿಗೆ, ಜೊತೆಗೆ ನಾಯಿ ಕಂಡರೆ ನಡುಗುವ ಲೇಖಕನಿಗೆ.

‘ಮೈಂ ಏಕ್ ಮಿಯಾಂ ಹೂಂ’ನಲ್ಲೂ ಹಾಗೇ. ಹೆಂಡತಿ ರೋಶನ್ ಆರಾ ತವರಿಗೆ ಹೋಗಿದ್ದಾಳೆ. ಬೇಜಾರು, ಬೇಗ ಬಾ ಅಂತ ತಾರು ಕಳಿಸಿದ ಗಂಡ, ಗೆಳೆಯರನ್ನು ಕರೆದು ಇಸ್ಪೀಟಿಗೆ ಕೂರ್ತಾನೆ. ಸೋತು, ಮುಖಕ್ಕೆ ಮಸಿ, ತಲೆಗೆ ಕಾಗದದ ಟೋಪಿ, ಕೈಯಲ್ಲಿ ಚಿಲುಮೆ. ಅಷ್ಟರಲ್ಲಿ ಬಾಗಿಲಲ್ಲಿ ಬುರ್ಖಾ! ಅವಳೇ. ಬಾಯಿ ತೆರೀತಾಳೆ, ಆದರೆ ಏನಂದಳು ಅನ್ನೋದನ್ನ ಪತ್ರಸ್ ಹೇಳೋದೇ ಇಲ್ಲ; ಗಂಡನಿಗೆ ಪ್ರಜ್ಞೆ ತಪ್ಪಿದ ಹಾಗಾಗಿದೆಯಂತೆ.

ನಗು ಬರುತ್ತೆ, ನಿಜ. ಆದರೆ ಬೊಗಳಿಕೆಯಲ್ಲಿ ಗಜಲ್ ಕೇಳಿಸಿಕೊಂಡ ಕಿವಿ ಅದು. ನನಗೆ ರೋಶನ್ ಆರಾಳ ಮಾತೂ ಬೇಕಿತ್ತು.