ವಂಶವೃಕ್ಷದ ಮರೆಯಾದ ಬೇರು

ತಿಪಟೂರು, ತುರುವೇಕೆರೆಗಳ ನೆರೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕುಲಶುದ್ಧಿಯ ಅಭಿಮಾನವನ್ನು ಬುಡಸಹಿತ ಪರೀಕ್ಷಿಸಿದ ಕಾದಂಬರಿ. ತಂದೆಯೆಂದು ತಿಳಿದಿದ್ದವನಿಗೆ ತಾನು ಹುಟ್ಟಿದವನಲ್ಲವೆಂಬುದು ಶ್ರೀನಿವಾಸ ಶ್ರೋತ್ರಿಯರಿಗೆ ಮುಪ್ಪಿನಲ್ಲಿ ತಿಳಿಯುತ್ತದೆ. ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟ ಅದಕ್ಕೆ ಮೂಲ. ಮಗನ ಧರ್ಮಸಂಕಟವನ್ನು ಅಷ್ಟು ಆಳವಾಗಿ ಶೋಧಿಸಿದ ಕೃತಿ, ಗಂಡನ ಕೊರತೆಯನ್ನು ತನ್ನ ಒಡಲಲ್ಲಿ ಹೊತ್ತ ತಾಯಿಯ ಮನಸ್ಸನ್ನು ಮಸುಕಾಗಿಯೇ ಬಿಟ್ಟಿದೆ. ಇದು ಸಣ್ಣ ಲೋಪವಲ್ಲ.

ಆ ಮೌನ ಚಿಕ್ಕನಾಯಕನಹಳ್ಳಿಯವರೆಗಿನ ಈ ತೆಂಗಿನ ಸೀಮೆಯಲ್ಲಿ ಇನ್ನೂ ಪೂರ್ತಿ ಮುರಿದಿಲ್ಲ. ಮಕ್ಕಳಾಗದಿದ್ದರೆ ಮೊದಲ ತಪಾಸಣೆಯೂ ಮೂದಲಿಕೆಯೂ ಸೊಸೆಗೇ. ಆದರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕೊರತೆಯ ಪಾಲೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ವೀರ್ಯಾಣುಗಳ ಕೆಳಮಿತಿಯನ್ನು ಮಿಲಿಲೀಟರಿಗೆ 1.6 ಕೋಟಿ ಎಂದಿದೆ. ಎಣಿಕೆ ತುಸು ತಗ್ಗಿದ ಮಾತ್ರಕ್ಕೆ ಬಂಜೆತನವೆಂದಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಹೆಂಡತಿಯ ವಯಸ್ಸು ಅವಕಾಶವಿತ್ತರೆ, ಹೊಗೆಸೊಪ್ಪು, ಮದ್ಯಗಳನ್ನು ತೊರೆದು ಮೂರು ತಿಂಗಳ ಬಳಿಕ ಮರುಪರೀಕ್ಷೆ. ಅಗತ್ಯವಾದರೆ ಗಂಡನದೇ ವೀರ್ಯವನ್ನು ಸಂಸ್ಕರಿಸಿ ಗರ್ಭಾಶಯಕ್ಕೆ ಸೇರಿಸುವ ಚಿಕಿತ್ಸೆ. ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳನ್ನು ಬೆಳೆಸಿ ಮಿಕ್ಕವನ್ನು ತ್ಯಜಿಸುವ ಪ್ರಶ್ನೆ, ಶ್ರಾವಕನನ್ನು ಕಾಡಲೇಬೇಕಾದ ಪ್ರಶ್ನೆ, ಅಲ್ಲಿ ಏಳುವುದಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಉಂಡೆಕೊಬ್ಬರಿಗಾಗಿ ವರ್ಷದವರೆಗೆ ಕಾಯುವ ಮನೆತನಗಳೇ ಈ ಮೂರು ತಿಂಗಳು ಕಾಯಲಾರದೆ ಸೊಸೆಯನ್ನು ತವರಿಗೆ ಕಳಿಸುವುದುಂಟು.